ಸೊಣ್ಣಪ್ಪ ಹಚ್ಚದ ಬೆಂಕಿ

ಬಂಡಪಲ್ಲಿ, ಶ್ರೀನಿವಾಸಪುರ ತಾಲ್ಲೂಕು
ಭಾನುವಾರ, 22-5-1983

ಯಜಮಾನರಿಗೆ ಶ್ಯಾಮಲೆಯ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೋದೆ, ಕೈ ನಿಂತುಬಿಟ್ಟಿತು. ಟೇಕಲ್‌ನಲ್ಲಿ ನಿಮ್ಮ ಅಕ್ಕನ ಮನೆಯಲ್ಲಿ ಊಟ, ನಿದ್ದೆ ಸರಿಯಾಗಿದೆ ಎಂದುಕೊಂಡಿದ್ದೇನೆ. "ಎರಡು ದಿನದಲ್ಲಿ ಬಂದ್‌ಬಿಡ್ತೀನಿ ಕಣೇ" ಎಂದು ಹೋದವರು, ಐವತ್ತು ದಿನ ದಾಟಿತು. ಕೇಳಿದವರಿಗೆಲ್ಲ ಅಕ್ಕನಿಗೆ ಹುಷಾರಿಲ್ಲ ಎಂದು ಹೇಳುತ್ತಾ ಬಂದೆ. ಇನ್ನು ಆ ಮಾತು ನಡೆಯುವುದಿಲ್ಲ. ಬರುವ ಗುರುವಾರ ರೇಂಜರ್ ಬಂದು ಬೆಂಕಿಯ ವಿಷಯವಾಗಿ ಪ್ರತಿ ಮನೆಯವರ ಹೇಳಿಕೆ ಬರೆದುಕೊಳ್ಳುತ್ತಾರಂತೆ.

ಆ ಮಂಗಳವಾರ ಬೆಟ್ಟದ ಬುಡದ ಪೊದೆಗೆ ಕಡ್ಡಿ ಗೀರಿದವರು ನೀವು. ಎರಡು ಎಕರೆ ಬಯಲಾದರೆ ದರಖಾಸ್ತಿಗೆ ಅರ್ಜಿ ಹಾಕಿ, ಜಮೀನು ನಮ್ಮ ಹೆಸರಿಗೆ ಮಾಡಿಸಿ, ಹಿಪ್ಪುನೇರಳೆ ನೆಡಬೇಕೆಂಬ ಆಸೆ. ಗಾಳಿ ತಿರುಗಿತು. ಹೊಂಗೆ ಸೊಪ್ಪು ಮುರಿದು ಬಡಿದಿರಂತೆ, ಆರಲಿಲ್ಲ. ಓಡಿ ಬಂದಾಗ ನಿಮ್ಮ ಪಂಚೆಯ ಅಂಚು ಸುಟ್ಟಿತ್ತು. ಅದನ್ನು ಒಲೆಗೆ ಹಾಕಿದವಳು ನಾನೇ. ಮರುದಿನ ಮೊದಲನೇ ಬಸ್ಸಿಗೆ ನೀವು ಹೊರಟಿರಿ. ಅಲ್ಲಿಂದ ಮುಂದಿನದನ್ನು ನೀವು ನೋಡಿಲ್ಲ.

ಬೆಟ್ಟ ಮೂರು ದಿನ ಉರಿಯಿತು. ಸೀತಾಫಲದ ಗಿಡ, ಈಚಲು, ಜೇನುಗೂಡಿದ್ದ ದೊಡ್ಡ ಅತ್ತಿಮರ, ಒಂದೂ ಉಳಿಯಲಿಲ್ಲ. ಬೂದಿ ಹಾರಿ ಬಂದು ಊರಿನ ಹಿಪ್ಪುನೇರಳೆ ಸೊಪ್ಪಿನ ಮೇಲೆಲ್ಲ ಕೂತಿತು. ತೊಳೆದು, ಒರೆಸಿ ಹಾಕಿದೆವು. ಆದರೂ ಇನ್ನು ನಾಲ್ಕು ದಿನದಲ್ಲಿ ಗೂಡು ಕಟ್ಟಬೇಕಾಗಿದ್ದ ರೇಷ್ಮೆಹುಳು ತಟ್ಟೆಯಲ್ಲೇ ಕಪ್ಪಾಗಿ ಸತ್ತವು. ಎಂಟು ಮನೆಯ ಹುಳುವನ್ನು ಒಂದೇ ಗುಂಡಿಯಲ್ಲಿ ಹೂತೆವು. ನಮ್ಮವೂ ಅದರಲ್ಲೇ ಇವೆ.

ಹೋದ ವಾರ ಮೊದಲನೇ ಮಳೆ ಬಂತು. ಜನ ಕೈಮುಗಿದರು. ಹಿಡಿದು ನಿಲ್ಲಿಸಲು ಬೇರಿಲ್ಲದ ಬೆಟ್ಟದಿಂದ ಬೂದಿ, ಮಣ್ಣು ಎಲ್ಲ ಜಾರಿ ಕೆರೆಗೆ ಇಳಿಯಿತು. ತೂಬು ಮುಚ್ಚಿಹೋಗಿದೆ. ಮೀನು ಹೊಟ್ಟೆ ಮೇಲಾಗಿ ತೇಲಿದವು. ಬಾವಿಯ ನೀರು ಮಸಿಯ ಹಾಗೆ. ಬಟ್ಟೆಯಲ್ಲಿ ಎರಡು ಸಲ ಸೋಸಿ ಕುಡಿಯುತ್ತಿದ್ದೇವೆ. ಬೆಟ್ಟದ ಮೇಲಿನ ಬಂಡೆಯ ದೊಣೆಯಲ್ಲೂ ಬೂದಿ ತುಂಬಿ, ಕುಡಿಯಲು ನೀರಿಲ್ಲದೆ ಕರಡಿ ಊರ ಹತ್ತಿರಕ್ಕೇ ಬರುತ್ತಿದೆ. ಸೀತಾಫಲ, ಪೊರಕೆ ಮಾರಿ ಬದುಕುತ್ತಿದ್ದ ಅಂಜಮ್ಮ ಸೌದೆಗೆಂದು ಆಚೆ ಗುಡ್ಡಕ್ಕೆ ಹೋದಳು. ಕರಡಿ ಮುಖಕ್ಕೆ ಉಗುರು ಹಾಕಿತು. ಒಂದು ಕಣ್ಣು ಹೋಗಿದೆ, ಇನ್ನೊಂದಕ್ಕೂ ಬಟ್ಟೆ ಕಟ್ಟಿದ್ದಾರೆ. ನನ್ನನ್ನು ದನಿಯಿಂದ ಗುರುತು ಹಿಡಿದು ಮಾತಾಡಿಸಿದಳು.

ಇನ್ನು ಸೊಣ್ಣಪ್ಪನ ವಿಷಯ. ಎಳೆ ಹುಲ್ಲಿನ ಆಸೆಗೆ ಕುರಿಯವನೇ ಹಚ್ಚಿದ್ದು ಎಂದು ಊರೆಲ್ಲ ಅವನ ಕಡೆಗೆ ಬೆರಳು ತೋರಿಸಿತು. ಅವನ ಜೇಬಿನಲ್ಲಿ ಬೀಡಿ, ಕಡ್ಡಿಪೆಟ್ಟಿಗೆ ಸಿಕ್ಕಿದ್ದೇ ಸಾಕ್ಷಿಯಾಯಿತು. ಹದಿನೇಳು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದಿದ್ದಾನೆ. ಅವನು ಬೆಂಕಿಯೊಳಕ್ಕೆ ನುಗ್ಗಿದ್ದು ಕುರಿ ಹೊಡೆದುಕೊಂಡು ಬರಲು. ಹನ್ನೊಂದು ಕುರಿ ಸುಟ್ಟುಹೋದವು. ಅವನ ಎರಡೂ ಕೈ ಬೆಂದು, ಬೆರಳು ಮಡಚಿಕೊಂಡು ಅಂಟಿವೆ. ಹೆಂಡತಿ ಮುತ್ಯಾಲಮ್ಮ ಮುದ್ದೆ ಮುರಿದು ಬಾಯಿಗಿಡುತ್ತಾಳೆ. ಅವಳನ್ನು ಯಾರೂ ಕೂಲಿಗೆ ಕರೆಯುವುದಿಲ್ಲ. ಬಾವಿಯ ಹತ್ತಿರ ಎಲ್ಲರೂ ಸೇದಿಕೊಂಡು ಹೋಗುವವರೆಗೆ ದೂರ ನಿಂತಿರುತ್ತಾಳೆ.

ನಿನ್ನೆ ಅವರ ಮನೆಗೆ ಹರಳೆಣ್ಣೆ ಕೊಡಲು ಹೋಗಿದ್ದೆ. ಸೊಣ್ಣಪ್ಪ ಗೋಡೆಗೆ ಒರಗಿ ಕೂತಿದ್ದ. ಎದ್ದು ನಿಲ್ಲಲು ನೋಡಿದ, ಕೈ ಊರಲಾಗದೆ ಹಾಗೇ ಕೂತ. "ಅಕ್ಕಾ, ಅಶ್ವತ್ಥಪ್ಪಣ್ಣ ಯಾವಾಗ ಬರ್ತಾರೆ?" ಎಂದು ಕೇಳಿದ. ಮುಂದೆ ಅವನೇ ಹೇಳಿದ: "ಆವತ್ತು ಅಣ್ಣನೂ ಬೆಟ್ಟದ ಕೆಳಗೇ ಇದ್ರು, ನಾನು ನೋಡಿದೀನಿ. ನಾನು ಹಚ್ಚಲಿಲ್ಲ ಅಂತ ಅವ್ರು ಒಂದು ಮಾತು ಹೇಳಿದ್ರೆ ಸಾಕು ಕಣಕ್ಕಾ. ಅವ್ರ ಮಾತು ಊರು ನಂಬ್ತದೆ."

ಕೇಳಿದಿರಾ? ನಿಮ್ಮನ್ನೇ ಸಾಕ್ಷಿ ಎಂದು ನಂಬಿ ಕಾಯುತ್ತಿದ್ದಾನೆ. ಅವನ ಕಣ್ಣಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಇದ್ದಿದ್ದರೆ ನಾನು ಜಗಳವಾಡಿಕೊಂಡು ಬರುತ್ತಿದ್ದೆ, ಈ ಕಾಗದವನ್ನೂ ಬರೆಯುತ್ತಿರಲಿಲ್ಲವೇನೋ. ಮುತ್ಯಾಲಮ್ಮ ಎಣ್ಣೆ ಬಟ್ಟಲು ತೆಗೆದುಕೊಂಡು, "ನೀವೊಬ್ರೇ ಅಕ್ಕಾ ನಮ್ಮ ಬಾಗಿಲಿಗೆ ಬರೋರು" ಎಂದಳು.

ಬುಧವಾರ ಸಂಜೆಯೊಳಗೆ ಬನ್ನಿ. ಬೇಕೆಂದು ಬೆಟ್ಟ ಸುಡಲಿಲ್ಲ, ಗಾಳಿಗೆ ಕೈಮೀರಿತು ಎಂದು ನಿಮ್ಮ ಬಾಯಿಂದಲೇ ಹೇಳಿ. ಶಿಕ್ಷೆಯಾದರೆ ಆಗಲಿ. ಬುತ್ತಿ ಕಟ್ಟಿಕೊಂಡು ಬಂದು ನೋಡುತ್ತೇನೆ, ನೀವು ಬರುವವರೆಗೂ ಹೊಲ ಮಾಡಿಸುತ್ತೇನೆ. ಬರದಿದ್ದರೆ ಗುರುವಾರ ರೇಂಜರ್ ಮುಂದೆ ನಾನೇ ಹೇಳುತ್ತೇನೆ. ಗಂಡನನ್ನು ಹಿಡಿದುಕೊಟ್ಟವಳು ಎನ್ನುತ್ತಾರೆ, ಅನ್ನಲಿ. ನಿಮ್ಮ ಅಕ್ಕ ಮತ್ತೆ ನನ್ನ ಮುಖ ನೋಡಲಿಕ್ಕಿಲ್ಲ, ಅದೂ ಗೊತ್ತು.

ಇನ್ನೂ ನಿಮ್ಮ ಮನೆಯಲ್ಲೇ ಇರುವ,
ಶ್ಯಾಮಲೆ

ತಾ.ಕ.: ಒಂದು ಮಾತು ಬರೆಯಲು ಧೈರ್ಯ ಸಾಲದೆ ಸಹಿ ಹಾಕಿಬಿಟ್ಟಿದ್ದೆ. ಆ ಬೆಳಗ್ಗೆ ನೀವು "ಗಾಳಿ ಜೋರಾಗೈತೆ, ಇವತ್ತು ಬೇಡ" ಎಂದಿರಿ. "ಹೀಗೇ ಕೂತಿರಿ, ಬೇರೆಯವ್ರು ಬೇಲಿ ಹಾಕ್ಕೊಳ್ತಾರೆ" ಎಂದು ಹಂಗಿಸಿ, ಕಡ್ಡಿಪೆಟ್ಟಿಗೆ ನಿಮ್ಮ ಕೈಗಿಟ್ಟವಳು ನಾನು. ನೀವು ಅದನ್ನು ಇವತ್ತಿನವರೆಗೂ ಒಬ್ಬರಿಗೂ ಹೇಳಿಲ್ಲ. ಹೇಳಿಕೆಯಲ್ಲಿ ಇಬ್ಬರ ಹೆಸರನ್ನೂ ಬರೆಸುತ್ತೇನೆ. ಮನಸ್ಸು ಬದಲಾದೀತೆಂದು ಹೆದರಿ, ಈಗತಾನೇ ಹೋಗಿ ಮುತ್ಯಾಲಮ್ಮನಿಗೆ ಎಲ್ಲವನ್ನೂ ಹೇಳಿ ಬಂದೆ. ಅವಳು ಎಣ್ಣೆ ಬಟ್ಟಲು ತಂದು ಹೊಸ್ತಿಲಾಚೆ ಇಟ್ಟು ಬಾಗಿಲು ಹಾಕಿಕೊಂಡಳು.