ಕೆಳಮನೆಯ ದಾರಿಗೆ ಚೆಲ್ಲಿದ ಬೂದಿ

ಕ್ರೇಗ್‌ಬರ್ನ್, ಆಂಗಸ್
ಜನವರಿ 21

ಪ್ರೀತಿಯ ರೋನಾ,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಉಣ್ಣೆಯ ಕೈಗವಸುಗಳು ಬಹಳ ಬೆಚ್ಚಗಿವೆ. ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈಯಿ. ಫೋನಿನಲ್ಲಿ ಹೇಳೋಣವೆಂದರೆ ನಿನ್ನಪ್ಪ ಪಕ್ಕದ ಕುರ್ಚಿಯಲ್ಲೇ ಇರುತ್ತಾನೆ.

ಹೋದ ವಾರ ಕೆಳಮನೆಗೆ ನ್ಯೂಕ್ಯಾಸಲ್‌ನಿಂದ ಮಿಸೆಸ್ ಡಾಬ್ಸನ್ ಎಂಬ ಹೆಂಗಸು ಒಬ್ಬಳೇ ಬಂದಿದ್ದಳು. ಜನವರಿಯ ಚಳಿಯಲ್ಲಿ ಯಾರು ರಜೆಗೆ ಬರುತ್ತಾರೆ ಹೇಳು! ತಾವೇ ಬೇಯಿಸಿಕೊಂಡು, ತಾವೇ ತೊಳೆದಿಟ್ಟು ಹೋಗುವ ಬಾಡಿಗೆಮನೆ ಅದು. ಬಂದವರ ಗೋಜಿಗೆ ಹೋಗಬಾರದೆಂಬುದು ನನ್ನ ಪದ್ಧತಿ. ಹಾಲು, ಮೊಟ್ಟೆ, ಓಟ್ಸ್ ಬಿಸ್ಕತ್ತು ಬಾಗಿಲಲ್ಲಿ ಇಟ್ಟು ಬಂದೆ, ಅಷ್ಟೆ. ಎರಡು ಸಲ ಅವಳು ನಮ್ಮ ಗೇಟಿನ ತನಕ ಬಂದು ನಿಂತಳು.

"ಏನಾದ್ರೂ ಬೇಕಿತ್ತಾ?" ಎಂದು ಕೂಗಿದೆ.

"ಇಲ್ಲ ಇಲ್ಲ, ಸುಮ್ನೆ ಬಂದೆ" ಎಂದು ತಿರುಗಿ ಹೋದಳು. ನಿನ್ನಪ್ಪ ಕಿಟಕಿಯಿಂದ ನೋಡಿ, "ಅವಳಿಗೊಂದು ಕುರಿ ಕೊಟ್ಟು ಕಳ್ಸು, ಮಾತಾಡೋಕೆ ಜೊತೆ ಆಗತ್ತೆ" ಎಂದು ನಕ್ಕ.

ಶನಿವಾರ ಅವಳು ಹೊರಟಳು. ಸಂಜೆಗೆ ಇನ್ನೊಂದು ಸಂಸಾರ ಬರುವುದಿತ್ತು. ದಾರಿಯೆಲ್ಲ ಹೆಪ್ಪುಗಟ್ಟಿ ಕಾಲಿಟ್ಟರೆ ಜಾರುವಂತಿತ್ತು, ಹಿಮ ಕರಗಲೆಂದು ದಾರಿಗೆ ಹಾಕುವ ಉಪ್ಪು ಮನೆಯಲ್ಲಿ ಮುಗಿದಿತ್ತು. ಇಂಥ ಹೊತ್ತಿನಲ್ಲಿ ನಾವೇನು ಮಾಡುತ್ತೇವೆ? ಒಲೆಯ ಬೂದಿ ಚೆಲ್ಲುತ್ತೇವೆ, ನಮ್ಮಜ್ಜಿಯ ಕಾಲದಿಂದಲೂ. ಕೆಳಮನೆಯ ಒಳಗೆ ಹೋದರೆ ಒಲೆಯ ಪಕ್ಕ ತಗಡಿನ ಡಬ್ಬಿ ತುಂಬ ಬೂದಿ. ಎಂಥ ಅಚ್ಚುಕಟ್ಟಿನ ಹೆಂಗಸಪ್ಪಾ, ಬೂದಿಯನ್ನೂ ತುಂಬಿ ಮುಚ್ಚಳ ಹಾಕಿಟ್ಟಿದ್ದಾಳೆ ಎಂದುಕೊಂಡೆ. ಬೆಳ್ಳಗೆ, ತರಿತರಿಯಾಗಿತ್ತು. ಕಾಲಿಗೆ ಹಿಡಿತ ಸಿಗುತ್ತದೆ, ಒಳ್ಳೆಯದೇ ಆಯಿತೆಂದು ಗೇಟಿನಿಂದ ಬಾಗಿಲ ತನಕ ಚೆಲ್ಲಿದೆ. ಬಂದವರು ಅದರ ಮೇಲೆಯೇ ಚಕ್ರದ ಪೆಟ್ಟಿಗೆಗಳನ್ನು ಗಡಗಡ ಎಳೆದುಕೊಂಡು ಹೋದರು.

ಸೋಮವಾರ ಅಂಚೆಯ ಹೆಕ್ಟರ್ ಬಂದವನು, "ಎಲ್ಸ್‌ಪೆತ್, ಇವತ್ತು ನಾನು ಬೀಳದೆ ನಡೆದ ದಾರಿ ನಿಂದೊಂದೇ ಕಣಮ್ಮ!" ಎಂದು ಹೊಗಳಿ, ಕಾಗದವೊಂದನ್ನು ಕೈಗಿಟ್ಟು ಹೋದ.

ಆ ಹೆಂಗಸು ಬರೆದಿದ್ದಳು. ಡಾಬ್ಸನ್ ಎಂಬುದು ಅವಳ ತವರಿನ ಹೆಸರಂತೆ. ಅವಳು ಗ್ರೆಗರ್‌ನ ಹೆಂಡತಿ ಮಾರ್ಜರಿ. ನಿನ್ನ ಗ್ರೆಗರ್ ಮಾಮ, ರೋನಾ, ನನ್ನ ಒಬ್ಬನೇ ತಮ್ಮ, ಡಿಸೆಂಬರಿನಲ್ಲಿ ತೀರಿಕೊಂಡನಂತೆ. ಅವನು ಹುಟ್ಟಿದ ಮನೆಯ ಒಲೆಯ ಪಕ್ಕ ಅವನನ್ನು ಇಟ್ಟು ಬಂದಿದ್ದೇನೆ, ನಿಮ್ಮ ಮುಖ ನೋಡಿ ಹೇಳಲು ಧೈರ್ಯ ಬರಲಿಲ್ಲ, ಹಿಮ ಕರಗಿದ ಮೇಲೆ ನಿಮ್ಮ ತಾಯಿಯ ಪಕ್ಕ ಮಣ್ಣು ಮಾಡೋಣವೇ ಎಂದು ಕೇಳಿದ್ದಳು.

ತಮ್ಮ ಸತ್ತನೆಂಬುದೂ, ಅವನನ್ನು ನಾನೇ ಕಂಡವರ ಕಾಲಡಿಗೆ ಚೆಲ್ಲಿದೆನೆಂಬುದೂ ಒಟ್ಟಿಗೇ ಗೊತ್ತಾದರೆ ಮನುಷ್ಯ ಯಾವುದಕ್ಕೆಂದು ಅಳಬೇಕು? ಪೊರಕೆ ಹಿಡಿದು ಓಡಿದೆ. ಮಂಡಿಯೂರಿ ಆ ದಾರಿಯನ್ನೆಲ್ಲ ಗುಡಿಸಿದೆ. ಬಾಡಿಗೆಗೆ ಬಂದವರ ಮಕ್ಕಳು ಕಿಟಕಿಗೆ ಮೂಗು ಒತ್ತಿ ನೋಡುತ್ತಿದ್ದರು. ಅವರ ತಾಯಿ ಹೊರಗೆ ಬಂದು, "ಅಯ್ಯೋ ಬಿಡಿ, ಬೂದಿ ಇದ್ರೇನೇ ನಮಗೆ ವಾಸಿ, ಜಾರಲ್ಲ" ಅಂದಳು. ಅವಳಿಗೆ ಏನು ಹೇಳಲಿ? ಸಿಕ್ಕಿದ್ದು ಅರ್ಧ ಡಬ್ಬಿ. ಅದರಲ್ಲೂ ಮಣ್ಣೆಷ್ಟೋ, ಕುರಿಹಿಕ್ಕೆಯೆಷ್ಟೋ.

ಅಮ್ಮ ಹೋದ ಮೇಲೆ ಆ ಮನೆಯನ್ನು ಬಾಡಿಗೆಗೆ ಬಿಟ್ಟಾಗ, "ನಾವು ಹುಟ್ಟಿದ ಕೋಣೇಲಿ ವಾರಕ್ಕೊಬ್ರನ್ನ ಮಲಗಿಸ್ತೀಯಾ?" ಎಂದು ಕೂಗಾಡಿ ಹೋದವನು ಗ್ರೆಗರ್. ನೀನಿನ್ನೂ ಶಾಲೆಗೆ ಹೋಗುತ್ತಿದ್ದೆ. ಮತ್ತೆ ಅವನು ಈ ಕಡೆ ತಲೆ ಹಾಕಲಿಲ್ಲ. ಅವನ ಹೆಂಡತಿಯ ಮುಖವನ್ನು ನಾನು ನೋಡಿಯೇ ಇರಲಿಲ್ಲ.

ಮಾರ್ಜರಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಸುಳ್ಳು ಹೇಳಬಹುದಿತ್ತು, ನಾಲಿಗೆ ಹೊರಳಲಿಲ್ಲ. ಅವಳು, "ನಂದೇ ತಪ್ಪು ಅತ್ತಿಗೆ, ಒಂದು ಚೀಟಿಯಾದ್ರೂ ಇಡಬೇಕಿತ್ತು" ಎಂದು ಅತ್ತಳು. ಅಳುತ್ತ ಅಳುತ್ತಲೇ ನಕ್ಕಳು ಕೂಡ. "ಮನೇಲಿ ಒಂದಿನ ಕಸ ತೆಗೆದವನಲ್ಲ, ಈಗ ನೋಡಿ, ಊರವರಿಗೆಲ್ಲ ಉಪಯೋಗಕ್ಕೆ ಬಂದ" ಅಂದಳು. ಏಪ್ರಿಲ್‌ನಲ್ಲಿ ಬರುತ್ತಾಳೆ. ಉಳಿದಷ್ಟನ್ನು ಅಮ್ಮನ ಪಕ್ಕ ಇಡುತ್ತೇವೆ. ನೀನೂ ಬರಬೇಕು.

ಚಳಿಯಲ್ಲಿ ಎದೆ ಮುಚ್ಚಿಕೊಂಡು ಓಡಾಡು, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಎಲ್ಸ್‌ಪೆತ್

ತಾ.ಕ.: ಮಾರ್ಜರಿ ಫೋನ್ ಇಡುವ ಮುಂಚೆ ಇನ್ನೊಂದು ಮಾತು ಹೇಳಿದಳು. ಅದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನವೆಂಬರಿನಲ್ಲಿ, ಡಾಕ್ಟರು ಇನ್ನು ಆಗದು ಎಂದ ಮೇಲೆ, ಗ್ರೆಗರ್ ಇಲ್ಲಿಗೆ ಫೋನ್ ಮಾಡಿದ್ದನಂತೆ. ಎಲ್ಲರಂತೆ ಬಾಡಿಗೆ ಕೊಡುತ್ತೇನೆ, ಒಂದು ವಾರ ಕೆಳಮನೆಯಲ್ಲಿರುತ್ತೇನೆ ಎಂದು ಕೇಳಿದ್ದನಂತೆ. ಎತ್ತಿದ್ದು ನಿನ್ನಪ್ಪ. ಜಾಗವಿಲ್ಲ, ಎಲ್ಲ ತುಂಬಿದೆ ಅಂದನಂತೆ. "ಅಕ್ಕನ ಮನೆ ಅಷ್ಟು ಚೆನ್ನಾಗಿ ನಡೀತಿದೆಯಲ್ಲ ಅಂತ ಖುಷಿಪಟ್ರು" ಅಂದಳು ಮಾರ್ಜರಿ, ಪಾಪ, ನಂಬಿಬಿಟ್ಟಿದ್ದಾಳೆ. ನಿನ್ನಪ್ಪನನ್ನು ಕೇಳಿದೆ. ತಲೆ ಎತ್ತದೆ, "ಹಳೇ ಜಗಳ ಮತ್ತೆ ಶುರುವಾಗೋದು ಬೇಡ ಅಂತ ಹಾಗಂದೆ. ಕಾಯಿಲೆ ಅಂತ ಅವ್ನು ಹೇಳ್ಲೇ ಇಲ್ಲ" ಅಂದ. ನವೆಂಬರ್ ಪೂರ್ತಿ ಆ ಮನೆ ಖಾಲಿ ಇತ್ತು, ರೋನಾ. ಗೋಡೆಗೆ ತೇವ ಹಿಡಿಯಬಾರದೆಂದು ನಾನೇ ದಿನಾ ಹೋಗಿ ಬೆಂಕಿ ಹಾಕಿ ಬೆಚ್ಚಗೆ ಮಾಡಿ ಬರುತ್ತಿದ್ದೆ.