ಧಾರಾವಾಹಿಯ ಸೊಸೆಯ ಹಲ್ಲುನೋವು

ನಂಜನಗೂಡು
ಶನಿವಾರ, ೧೦-೧೦-೧೯೮೭

ಚಿ. ಸೌ. ಅಲಮೇಲುವಿಗೆ ಅತ್ತೆಯ ಅನೇಕ ಆಶೀರ್ವಾದಗಳು.

ನೀನು ಆರೋಗ್ಯವಾಗಿದ್ದೀಯೆ ಎಂದು ನಂಬಿದ್ದೇನೆ. ಇಲ್ಲಿ ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ನನ್ನ ಬಲ ಮೊಣಕಾಲು ಅದಕ್ಕೆ ಒಪ್ಪುವುದಿಲ್ಲ. ನಿನ್ನ ತಾಯಿ ಭಾಗೀರಥಮ್ಮನವರ ಕಣ್ಣು ಹೇಗಿದೆ? ಗೌರಿ ಹಬ್ಬಕ್ಕೆಂದು ತಿ. ನರಸೀಪುರಕ್ಕೆ ಹೋದ ನೀನು ನವರಾತ್ರಿಯ ಬೊಂಬೆ ಕೂರಿಸುವುದಕ್ಕೂ ಬರಲಿಲ್ಲ. ನನ್ನ ಮಗರಾಯ ಬದರಿಯನ್ನು ಕೇಳಿದರೆ, ಅವರಿಗೆ ಕಣ್ಣಿನ ಪೊರೆ ಬಲಿತಿದೆ, ನೋಡಿಕೊಳ್ಳುವ ಹೆಂಗಸರು ಯಾರೂ ಇಲ್ಲ ಅಂದ. ಪಾಪ ಅನ್ನಿಸಿ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಆಮೇಲೆ ರಸಬಾಳೆ ಮಾರುವ ಜವರಯ್ಯ ನಿಮ್ಮೂರ ಸಂತೆ ಮುಗಿಸಿ ಬಂದವನು, “ನಿಮ್ ಬೀಗಿತ್ತಿ ಕಣ್ಗೇನಾಗದೆ ಬುಡಿ ಅವ್ವಾ, ಅಣ್ಣಿನ್ ಮೇಲಿರೋ ಚುಕ್ಕೆ ತೋರ್ಸಿ ತೋರ್ಸಿ ಚೌಕಾಸಿ ಮಾಡುದ್ರು” ಅಂದ. ಕಣ್ಣು ಚೆನ್ನಾಗಿದ್ದರೆ ನನಗೂ ಸಂತೋಷವೇ. ಹಚ್ಚಿದ ತುಪ್ಪವನ್ನೇನೂ ದೇವರಿಂದ ವಾಪಸ್ಸು ಕೇಳುವ ಹಾಗಿಲ್ಲ.

ಇನ್ನೊಂದು ವಿಷಯ. ಹಬ್ಬಕ್ಕೆ ತೌರಿಗೆ ಹೋಗುವವರು ಸೀರೆ ತೆಗೆದುಕೊಂಡು ಹೋಗುತ್ತಾರೆ, ಒಡವೆ ತೆಗೆದುಕೊಂಡು ಹೋಗುತ್ತಾರೆ. ಕಾಫಿ ಫಿಲ್ಟರ್ ತೆಗೆದುಕೊಂಡು ಹೋದವರನ್ನು ನಾನು ಕಂಡಿಲ್ಲ. ನಿನ್ನ ಮದುವೆಯಲ್ಲಿ ತೌರಿನವರು ನಿನ್ನ ಹೆಸರು ಕೆತ್ತಿಸಿ ಕೊಟ್ಟ ಫಿಲ್ಟರ್ ನೀನು ಹೋದಂದಿನಿಂದ ಅಡುಗೆಮನೆಯಲ್ಲಿ ಇಲ್ಲ. ಅದರ ಮುಚ್ಚಳ ಮಾತ್ರ ತೊಳೆದು ಬೋರಲು ಹಾಕಿದ್ದು ಹಾಗೇ ಇದೆ. ಕಳ್ಳ ಬಂದಿದ್ದರೆ ಪಕ್ಕದಲ್ಲಿದ್ದ ಬೆಳ್ಳಿ ಲೋಟ ಬಿಟ್ಟು ಹೋಗುತ್ತಿರಲಿಲ್ಲ. ಬದರಿ ಅದನ್ನು ರಿಪೇರಿಗೆ ಕೊಟ್ಟಿದೆ ಅಂದ. ಫಿಲ್ಟರಿಗೆ ಎಂಥ ರಿಪೇರಿ? ಅದರಲ್ಲಿ ಇರುವುದೇ ತೂತು. ನಾನು ಹೂಂ ಅಂದೆ. ಆದರೆ ಅವತ್ತಿನಿಂದ ನಿನ್ನ ದಾರಿ ನೋಡುವುದರ ಜೊತೆಗೆ ಅವನ ಮುಖವನ್ನೂ ನೋಡುತ್ತಿದ್ದೇನೆ.

ಈಗ ಗುರುವಾರದ ಧಾರಾವಾಹಿಯ ವಿಷಯ. ಮೊನ್ನೆ ಅದು ಮುಗಿಯಿತು. ಆಷಾಢದಲ್ಲಿ ಶುರುವಾದಾಗ ನೀನೂ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದ್ದೆ. ನನಗೆ ಮೊದಲಿಂದಲೂ ಈ ಮೊದಲ ಕಂತುಗಳ ಮೇಲೆ ನಂಬಿಕೆ ಇಲ್ಲ. ದೊಡ್ಡ ಮನೆ, ನಡುಮನೆಯಲ್ಲಿ ತೂಗುಮಂಚ, ಅತ್ತೆ ಸೊಸೆಯ ಬಾಯಿಗೆ ಲಾಡು ತುರುಕುತ್ತಾಳೆ, ಕೆಲಸದವರು ಕೂಡ ಇಸ್ತ್ರಿ ಬಟ್ಟೆ ಹಾಕಿಕೊಂಡು ನಗುತ್ತಾರೆ. ಯಾರ ಮನೆಯಲ್ಲಿ ಅಷ್ಟು ಜನ ಒಟ್ಟಿಗೆ ನಗುತ್ತಾರೆ? ಹೆಣ್ಣು ನೋಡಲು ಬಂದ ದಿನ ಗಂಡಿನ ಕಡೆಯವರು ಹೀಗೇ ನಗುತ್ತಾರೆ, ಅದನ್ನು ನಂಬಿ ಯಾರೂ ಲಗ್ನಪತ್ರಿಕೆ ಅಚ್ಚು ಹಾಕಿಸುವುದಿಲ್ಲ. ಕೊನೆಯ ಕಂತಂತೂ ಇನ್ನೂ ಮೋಸ. ಮೂರು ತಿಂಗಳು ಕತ್ತಿ ಮಸೆದವರು ಅರ್ಧ ಗಂಟೆಯಲ್ಲಿ ಕಾಲಿಗೆ ಬೀಳುತ್ತಾರೆ, ಅದರಲ್ಲೂ ಮುಕ್ಕಾಲು ಪಾಲು ಸೋಪಿನ ಪುಡಿ ಜಾಹೀರಾತು. ಕೈಯಲ್ಲಿ ಕಾಸು ಖಾಲಿಯಾಗಿ ಮುಗಿಸಿಬಿಟ್ಟರೋ, ಅಥವಾ ನಮ್ಮನ್ನು ಅಳಿಸಿದ್ದು ಸಾಕು ಅನ್ನಿಸಿತೋ ತಿಳಿಯದು.

ಹಿಂದಿ ನನಗೂ ಬಾರದು, ಬೀದಿಯಿಂದ ಬಂದು ಕೂರುವ ಉಳಿದವರಿಗೂ ಬಾರದು. ಹೈಸ್ಕೂಲಿನ ಹಿಂದಿ ಮೇಷ್ಟ್ರಾದ ನಿನ್ನ ಗಂಡ ಕುರ್ಚಿಯಲ್ಲಿ ಕೂತು ಅರ್ಥ ಹೇಳಬೇಕು, ನಾವು ಕೇಳಬೇಕು. ಪುರಾಣ ಹೇಳುವವರ ಮುಂದೆ ಕೂತ ಹಾಗೆ ಎಲ್ಲರೂ ಅವನ ಬಾಯಿಯನ್ನೇ ನೋಡುವುದು. ನಿನಗೆ ನೆನಪಿದೆಯಲ್ಲ, ಆ ಸೊಸೆ ವಾರಗಟ್ಟಲೆ ಅಳುತ್ತಿದ್ದಳು. ಏಕೋ ಅಂದರೆ, “ಹಲ್ಲುನೋವು ಅಮ್ಮ” ಅಂದ. ಮುಂದಿನ ವಾರವೂ ಹಲ್ಲುನೋವು, ಅದರ ಮುಂದಿನ ವಾರವೂ ಹಲ್ಲುನೋವು. ಅಷ್ಟು ದೊಡ್ಡ ಮನೆಯಲ್ಲಿ ಒಂದು ಲವಂಗ ಇಲ್ಲವೇ ಎಂದು ನಮ್ಮ ಬೀದಿಯವರೆಲ್ಲ ಆ ಅತ್ತೆಯನ್ನು ಬೈದರು. ನಾನೂ ಬೈದೆ. ಆಗ ನೀನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದೆ. ನಗು ತಡೆಯಲಾರದೆ ಹೋದೆ ಅಂದುಕೊಂಡೆ. ನೀನು ಓದಿದವಳು, ಶಾಲೆಯಲ್ಲಿ ಹಿಂದಿ ಕಲಿತವಳು. ನಗುತ್ತಿರಲಿಲ್ಲ ಅಂತ ಈಗ ಅನುಮಾನ.

ಅನುಮಾನ ಹುಟ್ಟಿದ್ದು ಹೀಗೆ. ಬೀದಿ ಕೊನೆಯ ಗುರುಸಿದ್ದಮ್ಮ ಮೊನ್ನೆ ಗುರುವಾರ ಮೊದಲ ಸಲ ನಮ್ಮ ಮನೆಗೆ ಟೀವಿ ನೋಡಲು ಬಂದರು. ಅವರ ಯಜಮಾನರು ಮಿಲಿಟರಿಯಲ್ಲಿದ್ದವರು, ಉತ್ತರದ ಕಡೆ ಬಹಳ ಕಾಲ ಇದ್ದು ಈಚೆಗೆ ಬಂದಿದ್ದಾರೆ. ಕೊನೆಯ ಕಂತಿನಲ್ಲಿ ಸೊಸೆ ಚೀಲ ಹಿಡಿದು ಬಾಗಿಲಿಗೆ ಬಂದಳು, ಗಂಡ ಅದನ್ನು ಕಿತ್ತುಕೊಂಡ. ಅತ್ತೆ ತೂಗುಮಂಚದಿಂದ ಎದ್ದು ಬಂದು ಮಗನ ಕೈಯಿಂದ ಚೀಲ ಬಿಡಿಸಿ ಸೊಸೆಗೆ ಕೊಟ್ಟು ಏನೋ ಹೇಳಿದಳು. ಬದರಿ, “ಹಬ್ಬ ಮುಗಿಸಿಕೊಂಡು ಬೇಗ ಬಾ ಅಂತಿದ್ದಾಳೆ” ಅಂದ. ಗುರುಸಿದ್ದಮ್ಮ ಬಾಯಲ್ಲಿದ್ದ ಎಲೆ ಅಡಿಕೆ ಒಂದು ಕಡೆ ಒತ್ತಿಕೊಂಡು, “ಅಬ್ಬದ್ ಮಾತು ಎಲ್ಲಿಂದ ಬಂತು ಮೇಷ್ಟ್ರೇ? ಓಗು, ಕೆಲ್ಸುಕ್ಕೆ ಸೇರ್ಕೊ, ಮನೆ ನಾನ್ ನೋಡ್ಕೊತೀನಿ ಅಂತಾವ್ರೆ ಅತ್ತೆವ್ವ” ಅಂದರು. ಹಲ್ಲುನೋವು ವಾಸಿಯಾಯಿತೇ ಅಂತ ನಾನು ಕೇಳಿದೆ. “ಯಾವ್ ಅಲ್ಲು?” ಅಂದರು. ಬದರಿಯ ಕಿವಿ ಕೆಂಪಾಯಿತು. “ಎರಡೂ ಹೆಚ್ಚುಕಡಿಮೆ ಒಂದೇ ಅಮ್ಮ” ಅಂದ.

ಕೆಲಸ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಆಷಾಢದ ಒಂದು ಮಧ್ಯಾಹ್ನ ನೆನಪಾಯಿತು. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಉಪ್ಪು ಹುಳಿ ವಿಷಯ ನಾವಿಬ್ಬರೂ ಆಡಿಕೊಳ್ಳಬಹುದು, ದೊಡ್ಡ ಮಾತೇನಿದ್ದರೂ ಅತ್ತೆ ಸೊಸೆಯರ ನಡುವೆ ಮಗನ ಬಾಯಲ್ಲೇ ಬರಬೇಕು. ನನ್ನ ಅತ್ತೆ ನಡೆಸಿದ್ದು, ನಾನೂ ನಡೆಸಿಕೊಂಡು ಬಂದೆ. ಆ ಮಧ್ಯಾಹ್ನ ನಾನು ಅಕ್ಕಿ ಕೇರುತ್ತಿದ್ದಾಗ ಬದರಿ ಬಂದು, ನರಸೀಪುರದಲ್ಲಿ ಒಂದು ಶಾಲೆಯವರು ಅಲಮೇಲುವನ್ನು ಟೀಚರ್ ಕೆಲಸಕ್ಕೆ ಕರೆದಿದ್ದಾರೆ, ಅವಳಿಗೇ ಮನಸ್ಸಿಲ್ಲ, ಏನು ಮಾಡಲಿ ಅಂತ ಕೇಳಿದ. “ಅವಳಿಗೆ ಮನಸ್ಸಿಲ್ಲದಿದ್ದರೆ ಬೇಡ ಬಿಡು, ಇದ್ದರೆ ಧಾರಾಳವಾಗಿ ಹೋಗಲಿ” ಅಂದೆ ನಾನು. ಅದರಲ್ಲಿ ಎಷ್ಟು ಮಾತು ನಿನ್ನ ಹತ್ತಿರ ಬಂತು? ಅಮ್ಮ ಬೇಡ ಅಂದಳು ಅನ್ನುವಷ್ಟೇ ಬಂತೇ? ಧಾರಾವಾಹಿಯ ಹುಡುಗಿ ಕೆಲಸಕ್ಕಾಗಿ ಅತ್ತದ್ದನ್ನು ಹಲ್ಲಿಗೆ ಕಟ್ಟಿದವನು ನಿನ್ನ ಅಳುವನ್ನು ನನ್ನ ತಲೆಗೆ ಕಟ್ಟಿರಬಹುದು. ಹೆತ್ತ ಮಗನ ಮೇಲೆ ಹೀಗೆ ಬರೆಯಲು ನನಗೇನು ಖುಷಿಯೇ? ಅವನು ಕೆಟ್ಟವನಲ್ಲ, ಮನೆಯಲ್ಲಿ ಯಾರೂ ದನಿ ಎತ್ತಬಾರದು, ಹೊತ್ತಿಗೆ ಸರಿಯಾಗಿ ಕಾಫಿ ಬರಬೇಕು, ಅಷ್ಟೇ ಅವನಿಗೆ ಬೇಕಾದದ್ದು. ಅದಕ್ಕೆ ಇಬ್ಬರಿಗೂ ಇಬ್ಬರ ಮಾತನ್ನು ಬೇರೆ ಮಾಡಿ ಹೇಳಿದ್ದಾನೆ ಅನ್ನಿಸುತ್ತದೆ.

ಎಲ್ಲರೂ ಎದ್ದು ಹೋದ ಮೇಲೆ ಕೇಳಿಯೇ ಬಿಟ್ಟೆ, ಅಲಮೇಲುವಿಗೆ ನನ್ನ ಹೆಸರಿನಲ್ಲಿ ಏನು ಹೇಳಿದ್ದೀಯೋ ಅಂತ. ಅವನು ಆಂಟೆನಾ ತಿರುಗಿಸಿ ಬರುತ್ತೇನೆ ಎಂದು ಮಹಡಿಗೆ ಹೋದ. ಟೀವಿ ಆಗಲೇ ಆಫ್ ಆಗಿತ್ತು.

ಭಾಗೀರಥಮ್ಮನವರಿಗೂ ನಿಮ್ಮ ತಂದೆಯವರಿಗೂ ನನ್ನ ನಮಸ್ಕಾರ ಹೇಳು. ಬಾಳೆಹಣ್ಣಿನ ವಿಷಯ ನಾನು ಬರೆದೆ ಅಂತ ಹೇಳಬೇಡ. ನರಸೀಪುರದಲ್ಲಿ ನದಿ ಕಡೆಯ ಗಾಳಿ ಶೀತ, ತಲೆಗೆ ನೀರು ಹಾಕಿಕೊಂಡ ದಿನ ಚೆನ್ನಾಗಿ ಒಣಗಿಸಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ,
ನಿನ್ನ ಅತ್ತೆ
ಲಕ್ಷ್ಮೀದೇವಮ್ಮ

ವಿ. ಸೂ.: ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಯಿತು. ಈ ಕಾಗದವನ್ನು ಬದರಿಯ ಕೈಗೆ ಕೊಡದೆ ನಾನೇ ಕಾಲೆಳೆದುಕೊಂಡು ಹೋಗಿ ಹಾಕುತ್ತೇನೆ. ಶಾಲೆಯವರು ಇನ್ನೂ ಯಾರನ್ನೂ ತೆಗೆದುಕೊಂಡಿರದಿದ್ದರೆ ಕಾಗದ ಸಿಕ್ಕಿದ ದಿನವೇ ಹೋಗಿ ಕೆಲಸಕ್ಕೆ ಸೇರು. ಅಲ್ಲಿಂದಲೇ ಹೋಗಿ ಬರುತ್ತೀಯೋ, ಇಲ್ಲಿಂದ ಬಸ್ಸಿನಲ್ಲಿ ಓಡಾಡುತ್ತೀಯೋ, ಅದು ನಿನ್ನಿಷ್ಟ. ಮನೆ ನಾನು ನೋಡಿಕೊಳ್ಳುತ್ತೇನೆ. ಇದನ್ನು ನಾನೇ ನನ್ನ ಕೈಯಾರೆ ಬರೆದಿದ್ದೇನೆ, ಯಾರೂ ಅರ್ಥ ಹೇಳಬೇಕಾಗಿಲ್ಲ. ಫಿಲ್ಟರಿನ ಮುಚ್ಚಳವನ್ನು ಜವರಯ್ಯನ ಕೈಯಲ್ಲಿ ಕಳಿಸಲೋ, ನೀನು ಬರುವ ತನಕ ಇಲ್ಲೇ ಇಟ್ಟುಕೊಳ್ಳಲೋ, ನೀನೇ ಬರೆ. ವಿಳಾಸದಲ್ಲಿ ಬದರಿಯ ಹೆಸರು ಬೇಡ, ನನ್ನ ಹೆಸರು ಹಾಕು.