ಹೊರಗಿನ ಚಿಲಕ

ಜನವರಿ 19, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಬಾಯಿಬಡುಕಿ ತಂಗಿ ಮಾಡುವ ನಮಸ್ಕಾರಗಳು. ನಿನ್ನ ಕಾಗದ ಬಂದು ಐದು ವಾರವಾಯಿತು. ಬೈಯುವುದಿದ್ದರೆ ಮೊದಲು ಬೈದುಬಿಡು, ಆಮೇಲೆ ಮುಂದೆ ಓದು. ಭಾವನ ಮಂಡಿ ನೋವು ಹೇಗಿದೆ? ಮಾತ್ರೆ ನುಂಗಲು ಚಿಕ್ಕ ಮಗುವಿನ ಹಾಗೆ ಹಟ ಮಾಡುತ್ತಾರೆಂದು ಬರೆದಿದ್ದೆ. ನಾಲ್ಕು ದಿನ ನನ್ನ ಹತ್ತಿರ ಕಳಿಸು, ಗಣಿತದ ಟೀಚರ್ ಕೈಗೆ ಸಿಕ್ಕಿದರೆ ತಾನಾಗಿ ಸರಿಹೋಗುತ್ತಾರೆ.

ಅದೇ ಕಾಗದದಲ್ಲಿ ನೀನು ಇನ್ನೂ ಎರಡು ಮಾತು ಬರೆದಿದ್ದೆ. ಒಂದು, ನಿನ್ನ ಮಗಳು ತನ್ನ ಜೀವ ತಾನೇ ಕಳೆದುಕೊಂಡು ಒಂಬತ್ತು ವರ್ಷವಾಯಿತು, ಅಲ್ಲಿಂದೀಚೆಗೆ ನಾನೇಕೆ ನಿನ್ನ ಮನೆಯಲ್ಲಿ ಒಂದು ದಿನವೂ ಉಳಿಯುವುದಿಲ್ಲ ಎಂದು. ಇನ್ನೊಂದು ನೀನು ಯಾವಾಗಲೂ ಹೇಳುವ ಮಾತು: "ನನ್ನ ಹತ್ರ ಬೇಡ, ಯಾರಾದ್ರೂ ಒಬ್ರ ಹತ್ರ ಬಾಯಿ ಬಿಡಬಾರದಿತ್ತಾ ಆ ಹುಡುಗಿ?" ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಮುಚ್ಚಿಟ್ಟು ಎದ್ದಿದ್ದೇನೆ. ಮೊದಲು ಶಾಲೆಯ ಸುದ್ದಿ ಹೇಳುತ್ತೇನೆ, ಕೇಳು.

ಮಕ್ಕಳ ಮನಸ್ಸಿನ ಕಷ್ಟ ಕೇಳಲು ಪ್ರತಿ ಶಾಲೆಯಲ್ಲೂ ಒಬ್ಬ ಟೀಚರ್ ಇರಬೇಕೆಂದು ಮೇಲಿನಿಂದ ಆದೇಶ ಬಂತು. ಹೆಡ್‌ಮಾಸ್ಟರು ಟೈಮ್‌ಟೇಬಲ್ ನೋಡಿದರು. ಮಧ್ಯಾಹ್ನದ ಪೀರಿಯಡ್ ಖಾಲಿ ಇದ್ದವಳು ನಾನೊಬ್ಬಳೇ. ಅಷ್ಟೇ ನನ್ನ ಯೋಗ್ಯತೆ! ಕೊಟ್ಟದ್ದು ಆಟದ ಸಾಮಾನಿನ ಕೋಣೆ: ಹರಿದ ಬಲೆ, ಗಾಳಿ ಹೋದ ಚೆಂಡುಗಳು, ಎರಡು ಕುರ್ಚಿ, ಕೈಗೆಟುಕದ ಒಂದು ಕಿಟಕಿ. ಬಾಗಿಲಿಗೆ ಒಳಗಡೆ ಚಿಲಕವಿಲ್ಲ, ಹೊರಗೆ ಮಾತ್ರ. ಬೇರೆ ಮಕ್ಕಳು ಇಣುಕಬಾರದಲ್ಲ, ಅದಕ್ಕೆ ಗಂಟೆ ಹೊಡೆಯುವ ನಮ್ಮ ಗಂಟೆಯಣ್ಣ ಹೊರಗಿನಿಂದ ಚಿಲಕ ಹಾಕಿ, ನಲವತ್ತು ನಿಮಿಷದ ಮೇಲೆ ಗಂಟೆ ಹೊಡೆದು ಬಂದು ತೆಗೆಯುತ್ತಿದ್ದ. "ಮೇಡಂ, ಜೈಲಿನವರಿಗಾದ್ರೂ ನೀರು ಕೊಡ್ತಾರೆ, ಬಾಟ್ಲಿ ತಗೊಂಡು ಹೋಗಿ" ಎಂದು ದಿನಾ ನಗುತ್ತಿದ್ದ.

ಮೊದಲ ವಾರ ಒಂದು ನರಪಿಳ್ಳೆಯೂ ಬರಲಿಲ್ಲ. ಲೆಕ್ಕ ತಪ್ಪಿದರೆ ಚಾಕ್‌ಪೀಸ್ ಎಸೆಯುವವಳ ಮುಂದೆ ಯಾರು ತಾನೇ ಅಳುತ್ತಾರೆ? ಆಗ ಒಂದು ರಟ್ಟಿನ ಮೇಲೆ ಮುದ್ದಾಗಿ ಬರೆದು ಬಾಗಿಲಿಗೆ ತೂಗುಹಾಕಿದೆ: "ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ." ಒಬ್ಬೊಬ್ಬರೇ ಬರತೊಡಗಿದರು. ಮುಂದಿನ ತಿಂಗಳು ನಮಗೆ ತರಬೇತಿಯಾಯಿತು. ಪಾಠ ಮಾಡಲು ಬಂದ ಮನೋವೈದ್ಯೆ ಮೊದಲು ಹೇಳಿದ್ದೇ, "ಗುಟ್ಟು ಕಾಪಾಡ್ತೀನಿ ಅಂತ ಯಾವ ಮಗುವಿಗೂ ಪೂರ್ತಿ ಮಾತು ಕೊಡಬೇಡಿ. ಜೀವದ ವಿಷಯ ಬಂದ್ರೆ ಆ ಮಾತು ಉಳಿಸಿಕೊಳ್ಳೋಕಾಗಲ್ಲ" ಎಂದು. ನೋಟ್‌ಬುಕ್ಕಿನಲ್ಲಿ ಅದನ್ನು ಬರೆದು ಕೆಳಗೆ ಎರಡು ಗೆರೆ ಎಳೆದೆ. ರಟ್ಟು ಮಾತ್ರ ತೆಗೆಯಲಿಲ್ಲ. ತೆಗೆದರೆ ಬರುವ ನಾಲ್ಕು ಮಕ್ಕಳೂ ನಿಂತುಬಿಡುತ್ತಾರೆಂದು ಹೆದರಿದೆ.

ಡಿಸೆಂಬರ್‌ನಲ್ಲಿ ಕ್ಯಾಪ್ಟನ್ ಬಂದಳು. ಹತ್ತನೆಯ ತರಗತಿಯ ಹುಡುಗಿ, ಥ್ರೋಬಾಲ್ ತಂಡದ ನಾಯಕಿ, ಅದಕ್ಕೇ ಆ ಹೆಸರು. ಅವಳ ನಗು ಸ್ಟಾಫ್‌ರೂಮಿನ ತನಕ ಕೇಳುತ್ತದೆ. ಚಿಲಕ ಬಿದ್ದ ಮೇಲೂ ಬಹಳ ಹೊತ್ತು ಗಾಳಿಯಿಲ್ಲದ ಚೆಂಡನ್ನು ಅಮುಕುತ್ತಾ ಕೂತಿದ್ದಳು. "ಮಿಸ್, ನಂಗೆ ಬೆಳಿಗ್ಗೆ ಏಳೋದೇ ಬೇಡ ಅನ್ಸತ್ತೆ. ಏನೂ ಬೇಡ ಅನ್ಸತ್ತೆ" ಎಂದಳು. ಸುತ್ತಿ ಬಳಸಿ ಕೇಳಬೇಡಿ, ನೇರವಾಗಿ ಕೇಳಿದ್ದರಿಂದ ಯಾರ ತಲೆಗೂ ಹೊಸದಾಗಿ ಆ ಯೋಚನೆ ಹೊಗುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ನೇರವಾಗಿಯೇ ಕೇಳಿದೆ: "ಸಾಯಬೇಕು ಅನ್ಸತ್ತಾ, ಮಗಳೇ?" "ಹೂಂ" ಎಂದಳು. ಯಾವಾಗ ಎಂಬುದನ್ನೂ ಯೋಚಿಸಿದ್ದಳು.

"ಇದನ್ನ ಅಮ್ಮಂಗೆ ಹೇಳಲೇಬೇಕು ಕಣೇ" ಎಂದೆ. ಅವಳು ಧಡಕ್ಕನೆ ಎದ್ದಳು. "ಬಾಗಿಲ ಮೇಲೆ ನೀವೇ ಬರೆದಿದೀರಲ್ಲ! ಅದನ್ನ ನೋಡೇ ತಾನೇ ನಾನು ಬಂದಿದ್ದು?" ಎಂದು ಬಾಗಿಲು ನೂಕಿದಳು. ಚಿಲಕ ಹೊರಗಿತ್ತು. ಗಂಟೆಗೆ ಇನ್ನೂ ಹದಿನೈದು ನಿಮಿಷ. ಬಾಗಿಲು ಬಡಿದೆ, ಗಂಟೆಯಣ್ಣ ಎಲ್ಲಿದ್ದನೋ. ಅವಳು ಗೋಡೆಗೆ ಮುಖ ಮಾಡಿ, ನಾನು ಅವಳ ಬೆನ್ನು ನೋಡುತ್ತಾ ನಿಂತಿದ್ದೆವು ಅಕ್ಕ. ಅಂಥ ಹೊತ್ತು ಶತ್ರುವಿಗೂ ಬೇಡ.

ಗಂಟೆಯಣ್ಣ ಬಾಗಿಲು ತೆಗೆದಾಗ, "ಇವಳನ್ನ ಬಿಟ್ಟು ಒಂದು ಹೆಜ್ಜೆ ಕದಲಬೇಡಪ್ಪ" ಎಂದು ಹೇಳಿ ಹೆಡ್‌ಮಾಸ್ಟರ ಬಳಿ ಓಡಿದೆ. ಅವರು ಕನ್ನಡಕ ಒರೆಸಿದರು. "ಪರೀಕ್ಷೆಗೆ ಮೂರೇ ತಿಂಗಳು ಮೇಡಂ. ಹುಡುಗಾಟದ ಮಾತಿಗೆ ಯಾಕೆ ರಾಡಿ ಎಬ್ಬಿಸ್ತೀರಿ? ಸ್ಕೂಲಿನ ಹೆಸರು ಏನಾಗಬೇಕು?" ಆ ಕಡೆ ನಾನೇ ಕೊಟ್ಟ ಮಾತು, ಈ ಕಡೆ ಶಾಲೆಯ ಹೆಸರು. ಎರಡೂ ಕಡೆಯವರು ಕೇಳುತ್ತಿದ್ದುದು ಒಂದನ್ನೇ, ನಾನು ಬಾಯಿ ಮುಚ್ಚಿಕೊಂಡಿರಬೇಕು. "ರಜೆ ಚೀಟಿ ಬರೀಲಾ ಸಾರ್, ಹಾಗೇ ಹೋಗಲಾ?" ಎಂದೆ. ಉತ್ತರಕ್ಕೆ ಕಾಯಲಿಲ್ಲ.

ಅವಳನ್ನು ಕರೆದುಕೊಂಡೇ ಅವಳ ಅಮ್ಮನ ಟೈಲರ್ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಅವಳು ಕೈ ಕೊಸರುತ್ತಿದ್ದಳು, ನಾನು ಹಿಡಿಯುತ್ತಿದ್ದೆ. ಕೊರಳಲ್ಲಿ ಟೇಪು ಹಾಕಿಕೊಂಡಿದ್ದ ತಾಯಿ, "ನಮ್ಮ ಹುಡುಗಿನಾ? ಬೆಳಿಗ್ಗೆ ನಗ್ತಾ ಹೋದ್ಲಲ್ಲ ಮಿಸ್!" ಎಂದರು. ಆಮೇಲೆ ಮಗಳ ಮುಖ ನೋಡಿದರು. ಸೂಜಿಯಡಿಯ ಬಟ್ಟೆಯನ್ನೂ ತೆಗೆಯದೆ, ಅಂಗಡಿ ತೆರೆದದ್ದು ತೆರೆದ ಹಾಗೇ ಬಿಟ್ಟು ಆಸ್ಪತ್ರೆಗೆ ಬಂದರು.

ಈಗ ಚಿಕಿತ್ಸೆ ನಡೆದಿದೆ, ಅರ್ಧ ದಿನ ಶಾಲೆಗೂ ಬರುತ್ತಾಳೆ. ಮೊನ್ನೆ ಮೈದಾನದ ಅಂಚಿನಲ್ಲಿ ಕೂತು ಕಿರಿಯ ಹುಡುಗಿಯರಿಗೆ, "ಕೈಗೇನು ಎಣ್ಣೆ ಹಚ್ಕೊಂಡಿದೀರೇನ್ರೇ, ಚೆಂಡು ಹಿಡೀರೇ!" ಎಂದು ಬೈಯುತ್ತಿದ್ದಳು. ಕೇಳಿ, ಹೋದ ಜೀವ ಬಂದಂತಾಯಿತು. ನನ್ನನ್ನು ಕಂಡರೆ ಮಾತ್ರ ಮುಖ ತಿರುಗಿಸುತ್ತಾಳೆ. ನನ್ನ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ "ಸುಳ್ಳು" ಎಂದು ಬರೆದಿತ್ತು. ಮೂರು ವರ್ಷ ಅವಳ ಉತ್ತರಪತ್ರಿಕೆ ತಿದ್ದಿದ್ದೇನೆ, ಅಕ್ಷರ ಗೊತ್ತಾಗದೇ ಇರುತ್ತದೆಯೇ? ಉತ್ತರ ಸರಿಯಾಗಿದೆ, ಪೂರ್ತಿ ಅಂಕ. ಆ ರಟ್ಟು ತೆಗೆದು ಬೇರೆ ಹಾಕಿದೆ: "ಜೀವಕ್ಕೆ ಅಪಾಯವೆನ್ನಿಸಿದರೆ ನಾನೊಬ್ಬಳೇ ಇಟ್ಟುಕೊಳ್ಳುವುದಿಲ್ಲ. ಯಾರಿಗೆ ಹೇಳುತ್ತೇನೆಂದು ಮೊದಲು ನಿನಗೇ ಹೇಳುತ್ತೇನೆ." ಗಂಟೆಯಣ್ಣ ಹೊರಗಿನ ಚಿಲಕ ಕಿತ್ತು ಒಳಗಡೆ ಹಾಕಿಕೊಟ್ಟಿದ್ದಾನೆ. ಇಷ್ಟಾದರೂ ನಾನು ಆ ಕೋಣೆಯಿಂದ ಹೊರಗೆ ಬಂದೆ ಅನ್ನಿಸುತ್ತಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಹರಸುವಷ್ಟು ದೊಡ್ಡವಳಲ್ಲ ನಾನು, ಆದರೂ ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ
ಬಾಯಿಬಡುಕಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದೆ. ಆ ಹಳೆಯ ರಟ್ಟಿನ ಮಾತನ್ನು ನಾನು ಮೊದಲು ಹೇಳಿದ್ದು ಶಾಲೆಯಲ್ಲಲ್ಲ. ನಿನ್ನ ಮನೆಯ ತಾರಸಿಯಲ್ಲಿ, ಒಣಗಿದ ಬಟ್ಟೆ ತೆಗೆಯುತ್ತಾ, ನಿನ್ನ ಮಗಳಿಗೆ. "ಚಿಕ್ಕಮ್ಮ, ಅಮ್ಮಂಗೆ ಹೇಳಲ್ಲ ಅಂತ ಆಣೆ ಮಾಡು" ಎಂದಳು. ಮಾಡಿದೆ. ವಯಸ್ಸಿನ ಮಾತು, ಪರೀಕ್ಷೆ ಮುಗಿದರೆ ಸರಿಹೋಗುತ್ತದೆ ಅಂದುಕೊಂಡೆ. ಗುಟ್ಟು ನಿಲ್ಲದ ಬಾಯಿ ಎಂದು ಬೈಯುತ್ತಿದ್ದೆಯಲ್ಲ, ಈ ಬಾಯಿ ಕಾಪಾಡಿದ ಗುಟ್ಟು ಅದೊಂದೇ. ಅದಾದ ಮೇಲೆ ಅವಳು ಬದುಕಿದ್ದ ಹನ್ನೊಂದು ದಿನ ಕಾಪಾಡಿದೆ. ಆಮೇಲೆ ನಿನ್ನ ಮುಖ ನೋಡಲಾರದೆ ಒಂಬತ್ತು ವರ್ಷ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲವೆಂದು ಇನ್ನು ಅವಳನ್ನು ಬೈಯಬೇಡ ಅಕ್ಕ. ಅವಳು ಹೇಳಿದ್ದಳು. ನನಗೆ ಹೇಳಿದ್ದಳು.